ರಾರಾವಿಯಲ್ಲೊಂದು ಸೊಟ್ಟ ಸಾಲು

ಬೆಳಗಿನ ಆರಕ್ಕೆ ಬಳ್ಳಾರಿ ಸ್ಟೇಷನ್ನಿನಲ್ಲಿ ಇಳಿದಾಗಲೇ ಎಡ ಮೊಣಕಾಲು ನೋಯುತ್ತಿತ್ತು. ಹದಿನಾಲ್ಕು ವರ್ಷ ಬೆಂಗಳೂರಿನ ಕೆಳಗಿನ ಡಿವಿಜನ್ನುಗಳಲ್ಲಿ ಫುಟ್‌ಬಾಲ್ ಆಡಿ ಗಳಿಸಿದ್ದು ಆ ನೋವೊಂದೇ. ಎಪ್ಪತ್ತರ ದಶಕದ ಕೊನೆಯಲ್ಲಿ ದೇಶದ ಮಹಿಳಾ ತಂಡಕ್ಕೆ ತರಬೇತುದಾರ ಬೇಕೆಂದಾಗ ಹೆಸರು ಮಾಡಿದವರೆಲ್ಲ ನುಣುಚಿಕೊಂಡರು. ಹೂಂ ಅಂದವನು ನಾನೊಬ್ಬನೇ. ಎರಡು ವರ್ಷಕ್ಕೇ ಸಾಕಾಗಿತ್ತು. ನಾಡಿದ್ದು ಶಿಬಿರ ಶುರು, ಗೋಲ್‌ಕೀಪರ್ ಇಲ್ಲ. ಬಳ್ಳಾರಿಯ ಪಂದ್ಯಗಳಲ್ಲಿ ನಾನು ನೋಡಿಟ್ಟಿದ್ದ ಇಬ್ಬರು ಹುಡುಗಿಯರಲ್ಲಿ ಒಬ್ಬಳನ್ನು ಕರೆದೊಯ್ದು, ತಂಡವನ್ನು ಯಾರಿಗಾದರೂ ಒಪ್ಪಿಸಿ ಕೈತೊಳೆದುಕೊಳ್ಳುವುದೆಂದು ತೀರ್ಮಾನಿಸಿದ್ದೆ.

ಒಗ್ಗರಣೆ ಮಂಡಕ್ಕಿ, ಎರಡು ಮಿರ್ಚಿ ತಿಂದು ಕುರುಗೋಡಿನ ಬಸ್ಸು ಹತ್ತಿದೆ. ಟಿಕೆಟ್ ಒಂದೂವರೆ ರೂಪಾಯಿ, ಕೂರಲು ಜಾಗವಿಲ್ಲ. ಒಂಬತ್ತು ಗಂಟೆಗೇ ಊರಿನ ಬಂಡೆಗಳು ಕಾದಿದ್ದವು. ಮೊದಲ ಹುಡುಗಿಯ ತಾಯಿ ಮಜ್ಜಿಗೆ ಕೊಟ್ಟು ಕೂರಿಸಿದರು.

"ಬ್ಯಾಸಿಗ್ಯಾಗ ಲಗ್ನ ಮಾಡಿಕೊಟ್ವಿರಿ. ಚೆಂಡು ಇಲ್ಲೇ ಬಿಟ್ಟು ಹೋಗ್ಯಾಳ, ಬೇಕಂದ್ರ ಒಯ್ರಿ."

ಅದು ನಾನೇ ಕೊಟ್ಟಿದ್ದ ಚೆಂಡು. ಇರಲಿ ಬಿಡಿ ಎಂದು ಎದ್ದು ಬಂದೆ.

ಅಲ್ಲಿಂದ ಎರಡು ಬಸ್ಸು ಬದಲಿಸಿ ಸಿರುಗುಪ್ಪ ಸೇರಿದೆ. ಮತ್ತೊಂದು ಬಸ್ಸಿನಲ್ಲಿ ಅಕ್ಕಿ ಮೂಟೆಯ ಮೇಲೆ ಕೂತು ರಾರಾವಿ ತಲುಪುವಾಗ ಎರಡು ಗಂಟೆ. ಕಾಲುವೆಗೆ ನೀರು ಬಿಟ್ಟಿದ್ದರು. ಕಣ್ಣು ಹಾಯುವಷ್ಟು ದೂರ ನಾಟಿ ನಡೆದಿತ್ತು. ಎರಡನೆಯ ಹುಡುಗಿ ಹುಲಿಗೆಮ್ಮನ ಅಪ್ಪ ಜಗುಲಿಯಲ್ಲೇ ಸಿಕ್ಕ.

"ನಂದೇನೂ ಅಡ್ಡಿ ಇಲ್ರಿ ಸರ. ಆಕಿ ಗದ್ದ್ಯಾಗ ಅದಾಳ. ತಾಯಮ್ಮನ್ನ ಕೇಳ್ರಿ."

ತಾಯಮ್ಮ ನಾಟಿ ಗುಂಪಿನ ಹಿರಿಯಳು. ಈ ಕಡೆ ನಾಟಿಯೆಂದರೆ ಮುಯ್ಯಾಳು: ಇಂದು ಎಲ್ಲರೂ ಕೂಡಿ ಒಬ್ಬರ ಗದ್ದೆಗೆ, ನಾಳೆ ಇನ್ನೊಬ್ಬರ ಗದ್ದೆಗೆ. ಹುಲಿಗೆಮ್ಮನವರ ಗದ್ದೆ ಮೊದಲೇ ಮುಗಿದಿತ್ತು. ಈಗ ಅವಳು ನಡುವೆ ಎದ್ದು ಹೋದರೆ ಮುಂದಿನ ವರ್ಷ ಅವರ ಗದ್ದೆಗೆ ಯಾರೂ ಇಳಿಯುವುದಿಲ್ಲ.

"ಆಕಿ ಹೋದ್ರ ಆಕಿ ಸಾಲು ಯಾರು ಹಚ್ಚಬೇಕ್ರಿ?" ಬಗ್ಗಿದ ಬೆನ್ನು ಎತ್ತದೆಯೇ ಕೇಳಿದಳು ತಾಯಮ್ಮ.

ದಣಿದವನಿಗೆ ಸಿಟ್ಟು ಬೇಗ. "ನಾನು ಹಚ್ತೀನಮ್ಮ," ಎಂದುಬಿಟ್ಟೆ.

ಗಂಡಸರು ಸಸಿ ಕಿತ್ತು ಹೊತ್ತು ತರುತ್ತಾರೆಯೇ ಹೊರತು ಹಚ್ಚುವುದಿಲ್ಲ. ಗದ್ದೆಯ ತುಂಬ ನಗು. ತಾಯಮ್ಮ ಮಾತ್ರ ನಗಲಿಲ್ಲ.

"ಇವತ್ತಿಂದು ನೀವು ತೀರಿಸ್ರಿ. ಉಳಿದದ್ದಕ್ಕ ಆಕಿ ತಿರುಗಿ ಬಂದು ಎಲ್ಲರ ಗದ್ದ್ಯಾಗೂ ಕಳಿ ತಗೀಲಿ. ಹೋಗಲೇ ಹುಲಿಗಿ, ಬಟ್ಟಿ ಕಟ್ಟಿಕೊಂಡು ಬಾ."

ನಾಟಿಯಾಗಿ ಇಪ್ಪತ್ತು ದಿನಕ್ಕೆ ಕಳೆ ಕೀಳುವ ಕೆಲಸ ಬರುತ್ತದೆ. ಪ್ಯಾಂಟು ಮಡಚಿ ಇಳಿದೆ. ಬಗ್ಗಿ ಸಸಿ ಊರುತ್ತ ಹಿಂದಕ್ಕೆ ಸರಿಯಬೇಕು. ಹತ್ತು ಹೆಜ್ಜೆಗೆ ನಡು ಹಿಡಿಯಿತು.

"ಹಿಂದಕ ನೋಡಬ್ಯಾಡ್ರಿ ಸರ. ಸಾಲು ಸೊಟ್ಟ ಆಗತೈತಿ," ಎಂದಳು ತಾಯಮ್ಮ.

ಮೈದಾನದಲ್ಲಿ ಹುಡುಗಿಯರಿಗೆ ನಾನು ಹೇಳಿಕೊಡುವ ಧಾಟಿಯೇ ಅದು. ಅರ್ಧ ಗಂಟೆಯಲ್ಲಿ ಮೊಣಕಾಲು ಮಡಚಲು ಒಲ್ಲೆನೆಂದಿತು. ಯಾರಿಗೂ ಹೇಳದೆ ಹಲ್ಲು ಕಚ್ಚಿದೆ. ಇನ್ನೂ ಅರ್ಧ ಗದ್ದೆ ಬಾಕಿ, ನಾಲ್ಕೂವರೆಗೆ ಕೊನೆಯ ಬಸ್ಸು.

ಸ್ವಲ್ಪ ಹೊತ್ತಿನ ಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ಎರಡು ಮಗ್ಗುಲಿನ ಹೆಂಗಸರು ಒಂದೊಂದು ಸಸಿ ಹೆಚ್ಚಾಗಿ ನನ್ನ ಕಡೆಗೆ ಊರುತ್ತಿದ್ದರು. ನನ್ನ ಪಾಲಿನ ಜಾಗ ನಾಲ್ಕು ಗೇಣು ಇದ್ದದ್ದು ಎರಡಾಯಿತು, ಒಂದಾಯಿತು, ಆಮೇಲೆ ಇಲ್ಲವಾಯಿತು. ಯಾರೂ ನನ್ನ ಮುಖ ನೋಡಲಿಲ್ಲ. ಸಸಿಯ ಕಟ್ಟು ಹಿಡಿದು ನಾನು ಸುಮ್ಮನೆ ನಿಂತಿದ್ದೆ.

"ಮುಗೀತ್ರಿ ನಿಮ್ಮ ಸಾಲು. ಮ್ಯಾಲ ಹತ್ರಿ," ಎಂದಳು ತಾಯಮ್ಮ.

ನಾಚಿಕೆಯಾಯಿತು. ಉಳಿದ ಸಸಿಯನ್ನು ಬದುವಿನ ಮೇಲಿಟ್ಟು ಹತ್ತಿದೆ. ಅಷ್ಟು ವರ್ಷ ಆಡಿದ್ದೆ, ಕುಂಟುವವನ ಜಾಗವನ್ನು ಹೀಗೆ ಮಾತಿಲ್ಲದೆ ಕಾಯ್ದ ತಂಡ ನನಗೆ ಸಿಕ್ಕಿರಲಿಲ್ಲ.

ಹುಲಿಗೆಮ್ಮ ಬಟ್ಟೆಯ ಚೀಲ, ಸಜ್ಜೆ ರೊಟ್ಟಿಯ ಬುತ್ತಿ ಹಿಡಿದು ಬಂದಳು. ಬಸ್ಸು ಕಾಲುವೆಯ ಏರಿ ಹತ್ತಿದಾಗ ಕೆಳಗೆ ಆ ಗದ್ದೆ ಕಾಣಿಸಿತು. ನೆಟ್ಟಗಿನ ಸಾಲುಗಳ ನಡುವೆ ಒಂದು ಸೊಟ್ಟಸೊಟ್ಟಗೆ ಅರ್ಧ ದಾರಿ ನಡೆದು ನಿಂತಿತ್ತು.

"ಅದು ನಿಮ್ಮದೇನ್ರಿ ಸರ?"

"ಹೂಂ."

ಅವಳು ನಗಲಿಲ್ಲ. ಗದ್ದೆ ಮರೆಯಾಗುವವರೆಗೆ ಕಿಟಕಿಯಿಂದ ನೋಡಿದಳು. "ಇಪ್ಪತ್ತು ದಿನ ಆಗೂದ್ರಾಗ ನನ್ನ ನೀವೇ ಕರಕೊಂಡು ಬಂದು ಬಿಡಬೇಕ್ರಿ. ಕಳಿ ತಗ್ಯಾದೈತಿ."

ಬರುತ್ತೇನೆ ಎಂದೆ. ಮಾತು ಬಾಯಿಂದ ಬಿದ್ದಾಗಿತ್ತು. ಇನ್ನು ತರಬೇತುದಾರನ ಕೆಲಸ ಬಿಡುವಂತಿರಲಿಲ್ಲ.