ಶುದ್ಧದ ದಿನ ಚೆಲ್ಲಿದ ನೀರು

ಮುಂಬೈ ಹತ್ತಿರದ ಠಾಕುರ್ಲಿಯ ನಮ್ಮ ಮನೆಯ ಹಾಲ್‌ನಲ್ಲಿ, ಟಿವಿಯ ಪಕ್ಕ ಒಂದು ಮೀನಿನ ಟ್ಯಾಂಕ್ ಇತ್ತು. ನನ್ನ ಗಂಡನದು. ಠಾಣೆಯ ಹೋಟೆಲೊಂದರ ಗಲ್ಲಾದಲ್ಲಿ ದಿನವಿಡೀ ಕೂತು ಬರುವ ಮನುಷ್ಯ, ಚಪ್ಪಲಿ ಬಿಟ್ಟವರೇ ಮೊದಲು ಮೀನುಗಳನ್ನು ಮಾತಾಡಿಸಬೇಕು, ಆಮೇಲೆ ಮಗಳನ್ನು, ಕಟ್ಟಕಡೆಗೆ ನನ್ನನ್ನು. ಮೀನು ತಿನ್ನುವ ಊರಿಂದ ಬಂದವರಿಗೆ ಮೀನು ಸಾಕುವ ಹುಚ್ಚು ಎಂತಕ್ಕೆ ಎಂದು ನಾನು ಗೊಣಗಿದರೆ, "ನಿನಗೆ ಗೊತ್ತಾಗುದಿಲ್ಲ ಮಾರಾಯ್ತಿ, ಇವು ತಿರುಗಿ ಮಾತಾಡುದಿಲ್ಲ," ಎಂದು ನಗುತ್ತಿದ್ದರು.

ಎದೆನೋವೆಂದು ಆಸ್ಪತ್ರೆಗೆ ಸೇರಿದವರು ಒಂದೇ ವಾರದಲ್ಲಿ ಹೋಗಿಬಿಟ್ಟರು. ಹಾಸಿಗೆಯಿಂದ ಮಗಳಿಗೆ ಹೇಳಿದ್ದು ಒಂದೇ ಮಾತು, "ಮೀನು ನೋಡಿಕೋ." ಇಪ್ಪತ್ತೆರಡು ವರ್ಷದ ಹುಡುಗಿ, ಐರೋಲಿಯ ಆಫೀಸಿಗೆ ಆಗಷ್ಟೇ ಸೇರಿದ್ದಳು. ಅಪ್ಪ ಹೋದ ಮೇಲೆ ಅವಳು ಅಳಲಿಲ್ಲ. ಬಂದವರೆಲ್ಲ ನನ್ನನ್ನು ಅಪ್ಪಿಕೊಂಡು ಅಳುವಾಗ ಅವಳು ಟ್ಯಾಂಕಿನ ಮುಂದೆ ಕೂತು, ಬೆಳಿಗ್ಗೆ ಒಂದು ಚಿಟಿಕೆ, ಸಂಜೆ ಒಂದು ಚಿಟಿಕೆ ಆಹಾರ ಹಾಕುತ್ತಿದ್ದಳು. ಅಷ್ಟೇ ಅವಳ ಕೆಲಸ.

ನಮ್ಮ ಕಡೆ ಸೂತಕ ಕಳೆಯುವ ದಿನ ಮನೆಯಲ್ಲಿ ಹಳೆಯ ನೀರು ಒಂದು ತೊಟ್ಟೂ ಉಳಿಯಬಾರದು. ಡ್ರಮ್ಮು, ಬಕೆಟು, ಫ್ರಿಜ್ಜಿನ ಬಾಟಲಿಗಳು, ಎಲ್ಲವನ್ನೂ ಚೆಲ್ಲಿ, ತಿಕ್ಕಿ, ಹೊಸ ನೀರು ಹಿಡಿದ ಮೇಲೆಯೇ ಭಟ್ಟರು ಪುಣ್ಯಾಹ ಚಿಮುಕಿಸುವುದು. ಸಹಾಯಕ್ಕೆ ಸೀವುಡ್ಸ್‌ನಿಂದ ಇವರ ಅಕ್ಕ ಬಂದಿದ್ದರು. ಟ್ಯಾಂಕಿನ ಮುಂದೆ ನಿಂತು, "ಇದರ ನೀರು ಎಂತ ಮಾಡುದು? ಜೀವ ಉಂಟಲ್ಲ ಇದರಲ್ಲಿ, ಇರ್ಲಿ ಬಿಡು," ಎಂದರು. ಅಷ್ಟಕ್ಕೇ ಬಿಡುವ ಹೆಂಗಸಾ ನಾನು! "ಸೂತಕದ ನೀರು ಸೂತಕದ್ದೇ ಅತ್ತಿಗೆ. ಹಾಲ್‌ನಲ್ಲೇ ಇಟ್ಟುಕೊಂಡು ಎಂತ ಶುದ್ಧ?" ಎಂದು ಅವರ ಬಾಯಿ ಮುಚ್ಚಿಸಿದೆ.

ಮಗಳು ಬಾಳೆಲೆ ತರಲು ಡೊಂಬಿವಲಿಗೆ ಹೋಗಿದ್ದಳು. ಒಂಬತ್ತು ಮೀನುಗಳನ್ನು ಪಾತ್ರೆಗೆ ಹಾಕಿ, ನೀರೆಲ್ಲ ಚೆಲ್ಲಿದೆ. ಕಲ್ಲುಗಳ ಹಸಿರು ಪಾಚಿ ಹೋಗುವಂತೆ ಉಜ್ಜಿದೆ. ಫಿಲ್ಟರಿನ ಸ್ಪಂಜು ಎಂಥಾ ಕೊಳಕು! ಸೋಪು ಹಾಕಿ ನಾಲ್ಕೈದು ಸಲ ಹಿಂಡಿದೆ. ನಳ್ಳಿಯಿಂದ ನೇರ ಹೊಸ ನೀರು ತುಂಬಿಸಿದೆ. ಇವರು ಇದ್ದಾಗ ಒಂದು ದಿನವೂ ಆ ಟ್ಯಾಂಕ್ ಮುಟ್ಟದವಳು ನಾನು. ಇವತ್ತಾದರೂ ಇವರಿಗೆ ಖುಷಿಯಾದೀತು ಎಂದುಕೊಂಡೆ, ಕರ್ಮ.

ಮಧ್ಯಾಹ್ನ ಬಂದವರಿಗೆ ಬಡಿಸುತ್ತಿದ್ದಾಗ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. "ಮಮ್ಮಿ, ಭೂಕ್ ಲಗೀ ಹೈ ಇನ್ಕೋ," ಎಂದಳು ಮಗಳು. ಆ ಗಡಿಬಿಡಿಯಲ್ಲಿ ಬೆಳಗಿನ ಆಹಾರ ತಪ್ಪಿತ್ತು. ಹಸಿದಿವೆ ಎಂದು ಒಂದು ಚಿಟಿಕೆ ಹಾಕಿದಳು. ಆದರೂ ಬಾಯಿ ತೆರೆಯುತ್ತಲೇ ಇದ್ದವು, ಇನ್ನೊಂದು ಹಾಕಿದಳು. ಮರುದಿನ ಬೆಳಿಗ್ಗೆ ಆರು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಸಂಜೆಗೆ ಇನ್ನೆರಡು. ಒಂದು ಏಂಜೆಲ್ ಮೀನು ಮಾತ್ರ ಮೂಲೆಯಲ್ಲಿ ಓರೆಯಾಗಿ ನಿಂತಿತ್ತು.

ಮಗಳು ಮೊಬೈಲಿನಲ್ಲಿ ಹುಡುಕಿದಳು. ಆಹಾರ ಹೆಚ್ಚಾದರೆ ಕೊಳೆತು ನೀರು ವಿಷವಾಗುತ್ತದೆ ಎಂದಿತ್ತಂತೆ. "ಮೈನೇ ಹೀ ಮಾರಾ," ಎಂದಳು, ನಾನೇ ಕೊಂದದ್ದು ಎಂದು. "ಸುಮ್ಮನಿರು, ಎರಡು ಚಿಟಿಕೆಗೆ ಯಾರೂ ಸಾಯುದಿಲ್ಲ," ಎಂದು ಗದರಿದೆ. ಟ್ಯಾಂಕ್ ತೊಳೆದದ್ದು ಅವಳಿಗೆ ಗೊತ್ತಿತ್ತು, ಆದರೆ ಅಪ್ಪನೂ ಪ್ರತಿ ಭಾನುವಾರ ನೀರು ಬದಲಿಸುತ್ತಿದ್ದರಲ್ಲ, ಅದರಲ್ಲಿ ಅವಳಿಗೆ ವಿಶೇಷ ಕಾಣಲಿಲ್ಲ. ನಾನು ಸೊಸೈಟಿಯ ಸೆಕ್ರೆಟರಿಗೆ ಫೋನ್ ಮಾಡಿ, ಮೇಲಿನ ನೀರಿನ ಟಾಕಿಗೆ ಎಂತ ಸುರಿದಿದ್ದೀರಿ ಎಂದು ಜಗಳವಾಡಿದೆ. ಅಗರಬತ್ತಿಯ ಹೊಗೆಯನ್ನು ಬೈದೆ. ಮೀನುಗಳನ್ನು ಹೊಗಳಿ ಹೋದ ನೆಂಟರೊಬ್ಬರ ಕೆಟ್ಟ ಕಣ್ಣನ್ನು ಬೈದೆ. ನನ್ನ ಕೈಯೊಂದನ್ನು ಬಿಟ್ಟು ಎಲ್ಲವನ್ನೂ ಬೈದೆ.

ಮೂರನೆಯ ದಿನ ಬಾಟಲಿಯಲ್ಲಿ ಟ್ಯಾಂಕಿನ ನೀರು ಹಿಡಿದುಕೊಂಡು, ಇವರು ಯಾವಾಗಲೂ ಹೋಗುತ್ತಿದ್ದ ಡೊಂಬಿವಲಿಯ ಮೀನಿನ ಅಂಗಡಿಗೆ ಹೋದೆ. ಅಂಗಡಿಯವನು ಇವರೆಲ್ಲಿ ಎಂದು ಕೇಳಿದ. ಹೇಳಿದೆ. ಅವನು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ, "ಪೂರಾ ಪಾನೀ ಬದ್ಲಾ ಕ್ಯಾ, ಆಂಟಿ?" ಎಂದ, ನೀರೆಲ್ಲ ಬದಲಿಸಿದಿರಾ ಎಂದು.

ನಳ್ಳಿ ನೀರಿನ ಕ್ಲೋರಿನ್ ಮೀನಿನ ಕಿವಿರು ಸುಡುತ್ತದಂತೆ. ಬಾಯಿ ತೆರೆದು ಮೇಲೆ ಬಂದದ್ದು ಉಸಿರು ಸಿಗದೆ. ಇವರು ಬದಲಿಸುತ್ತಿದ್ದುದು ಕಾಲುಭಾಗ ನೀರು ಮಾತ್ರ, ಅದೂ ಹಿಂದಿನ ದಿನವೇ ಬಾಲ್ಕನಿಯಲ್ಲಿ ಹಿಡಿದಿಟ್ಟದ್ದು. ಆ ಕೊಳಕು ಸ್ಪಂಜಿನಲ್ಲೇ ಮೀನಿನ ಹೊಲಸನ್ನು ತಿಂದು ನೀರು ಕಾಯುವ ಸೂಕ್ಷ್ಮಜೀವಿಗಳಿದ್ದವಂತೆ. "ಸ್ಪಂಜ್ ಕಿಸ್ನೇ ಧೋಯಾ?" ಯಾರು ತೊಳೆದದ್ದು ಎಂದು ಕೇಳಿದ. ಕೆಲಸದ ಬಾಯಿ ಎಂದೆ. ನಮ್ಮ ಮನೆಯಲ್ಲಿ ಕೆಲಸದವಳೇ ಇಲ್ಲ.

ಅವನು ಕೊಟ್ಟ ಔಷಧಿ ಹಿಡಿದು ಮನೆಗೆ ಬರುವಷ್ಟರಲ್ಲಿ ಏಂಜೆಲ್ ಕೂಡ ಕಲ್ಲಿನ ಮೇಲೆ ಮಲಗಿತ್ತು. ಮಗಳು, "ಕ್ಯಾ ಬೋಲಾ?" ಎಂದಳು, ಅವನು ಎಂತ ಹೇಳಿದ ಎಂದು. ಏನೋ ರೋಗವಂತೆ ಎಂದುಬಿಟ್ಟೆ. ಅಪ್ಪ ಅವಳಿಗೆ ಒಪ್ಪಿಸಿಹೋದ ಒಂದೇ ಒಂದು ಕೆಲಸವನ್ನು ಹಾಳು ಮಾಡಿದವಳು ನಾನು ಎನ್ನಲು ನಾಲಿಗೆ ಏಳಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ದಿನ ದೂಡಿದೆ. ಅವಳು ಎರಡು ತುತ್ತು ತಿಂದು ಏಳುತ್ತಿದ್ದಳು. ಅಪ್ಪನ ದುಃಖ, ಇಳಿಯಲು ದಿನ ಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಎಂಟನೆಯ ದಿನ ಬೆಳಿಗ್ಗೆ ಚಹಾ ಕೊಡುವಾಗ ಅವಳು ತನ್ನ ಅಂಗೈ ನೋಡಿಕೊಳ್ಳುತ್ತ ಕೂತಿದ್ದಳು. "ಮಮ್ಮಿ, ನನ್ನ ಹಾಥ್ ಹೀ ಖರಾಬ್ ಹೈ," ಎಂದಳು, ನನ್ನ ಕೈಗುಣವೇ ಕೆಟ್ಟದ್ದು ಎಂದು. "ಪಪ್ಪನಿಗೆ ಲಾಸ್ಟ್ ಜ್ಯೂಸ್ ಕುಡಿಸಿದ್ದೂ ನಾನೇ ಅಲ್ವಾ."

ಅಯ್ಯೋ ದೇವರೇ, ಈ ಮಗು ಎಲ್ಲಿಯವರೆಗೆ ಹೋಗಿ ಮುಟ್ಟಿತು! ಅವಳ ಮುಂದೆ ಕೂತು ಎಲ್ಲ ಹೇಳಿದೆ. ನೀರು ಚೆಲ್ಲಿದ್ದು, ಸೋಪು ಹಾಕಿದ್ದು, ಅಂಗಡಿಯವನು ಹೇಳಿದ್ದು, ನಾನು ಹೇಳಿದ ಸುಳ್ಳು. ನಿನ್ನ ಎರಡು ಚಿಟಿಕೆಯಿಂದ ಏನೂ ಆಗಿರಲಿಲ್ಲ ಮಗಾ, ಕೊಂದದ್ದು ನಾನು ಎಂದೆ.

ಕಿರುಚುತ್ತಾಳೆ ಎಂದುಕೊಂಡಿದ್ದೆ. ಅವಳು ಮೀನಿನ ಮಾತೇ ಎತ್ತಲಿಲ್ಲ.

"ಅಂಗಡಿಗೆ ಹೋದ ದಿನವೇ ನಿಂಗೆ ಗೊತ್ತಿತ್ತು. ನಾನು ಊಟ ಬಿಟ್ಟು ಏಳ್ತಿದ್ದೆ, ನನ್ನ ತಟ್ಟೆ ದಿನಾ ನೀನೇ ಎತ್ತಿಟ್ಟೆ. ಒಂದು ಮಾತು ಹೇಳಬಾರದಿತ್ತಾ, ಮಮ್ಮಿ?"

ಆಮೇಲೆ ಅತ್ತಳು. ಅಪ್ಪ ಹೋದಂದಿನಿಂದ ಮೊದಲ ಸಲ, ಸ್ವರ ತೆಗೆದು. ಅಪ್ಪಿಕೊಳ್ಳಲು ಹೋದೆ. ನನ್ನ ಕೈ ತಳ್ಳಿಬಿಟ್ಟಳು.