ಮೌಸ್ ಮುಟ್ಟದ ಮೇಡಂ

ಕಚೇರಿಯ ಹಿರಿಯ ಟೈಪಿಸ್ಟ್ ಮೇಡಂಗೂ ಮೌಸಿಗೂ ಎಣ್ಣೆ ಸೀಗೆಕಾಯಿ. ಅವರು ಆಲ್ಟ್ ಟ್ಯಾಬ್ ಒತ್ತಿದರೆ ಒಂದು ವಿಂಡೋ ಹೋಗಿ ಇನ್ನೊಂದು ಬರುತ್ತದೆ. ಮತ್ತೊಂದು ಕೀಲಿಗೆ ಎರಡು ಕಡತಗಳು ಮುನಿಸಿಕೊಂಡ ಓರಗಿತ್ತಿಯರಂತೆ ಎಡಕ್ಕೊಂದು ಬಲಕ್ಕೊಂದು ಸರಿಯುತ್ತವೆ. ಸಾಹೇಬರು ಕೆಮ್ಮುವಷ್ಟರಲ್ಲಿ ಪರದೆಯೇ ಬಟಾಬಯಲು. ಯಾರಾದರೂ ಮೌಸ್ ಹಿಡಿದರೆ, “ಅಂಗೈಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೀತೀರಲ್ರೀ!” ಎಂದು ಗದರುತ್ತಾರೆ. ಅಂಥ ಮೇಡಂ ಊಟದ ವಿರಾಮದಲ್ಲಿ, ಟೈಪಿಂಗ್ ಕೆಲಸದ ಆಸೆ ಹೊತ್ತ ಕಸ ಗುಡಿಸುವ ಅಕ್ಕನನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ, ಡ್ರಾಯರಿನಿಂದ ಮೌಸ್ ತೆಗೆದು, ಪರದೆಯ ಮೇಲಿನ ಬಾಣವನ್ನು ಅಂಬೆಗಾಲಿಡಿಸುತ್ತಾರೆ. “ಮೇಡಂ, ನೀವೂನಾ?” ಎಂದು ಗುಮಾಸ್ತರು ಕೆಣಕಿದರೆ, “ನಾನು ಹೋಗೋ ದಾರಿ ಅವಳಿಗೆ ಕಾಣ್ಬೇಡ್ವೇನ್ರೀ?” ಎನ್ನುತ್ತಾರೆ. ನಿನ್ನೆ ಆ ಅಕ್ಕ ಪರದೆಯಿಂದ ಕಣ್ಣು ಕೀಳದೆ ಆಲ್ಟ್ ಟ್ಯಾಬ್ ಒತ್ತಿ, ಮೌಸನ್ನು ಮೆಲ್ಲಗೆ ಅವರತ್ತ ತಳ್ಳಿದಳು: “ಇದನ್ನ ಇನ್ನು ಡ್ರಾಯರಲ್ಲೇ ಇಟ್ಬಿಡಿ ಮೇಡಂ.”