ಹೆಸರಿಲ್ಲದ ಪದ್ಯದ ಕುರಿಗಳು

ಜತ್ತದ ಕಾಲೇಜಿನ ಗ್ರಂಥಾಲಯದ ಕಾರ್ಡು ಹೊರಗಿನವರಿಗೆ ಸಿಗಲು ಇಂಗ್ಲಿಷ್ ಮಾಸ್ತರರ ಸಹಿ ಬೇಕಿತ್ತು. ಕಂಬಳಿ ಅಂಗಡಿ ನಡೆಸುವ ನನ್ನನ್ನು ಅವರು ಮೊದಲು ತರಗತಿಯಲ್ಲಿ ಕೂರಿಸಿದರು. ಕವಿಯ ಹೆಸರು ಮುಚ್ಚಿಟ್ಟು ಪದ್ಯವನ್ನಷ್ಟೇ ಓದಿಸುತ್ತಿದ್ದ ಇಂಗ್ಲಿಷ್ ವಿಮರ್ಶಕನೊಬ್ಬನ ವಿಷಯ ಹೇಳಿ, ಹಾಗೆಯೇ ಒಂದು ಕನ್ನಡ ಪದ್ಯ ಹಂಚಿದರು. ಹುಡುಗರೆಲ್ಲ ಹೊಗಳಿದರು. ಮಾಸ್ತರರು ನನ್ನ ಕಡೆ ತಿರುಗಿದರು.

“ಅಕ್ಕಾರ, ನೀವು ಹೇಳ್ರಿ.”

“ನಡು ಮಧ್ಯಾಹ್ನ ಕುರಿ ತಲಿ ಎತ್ತಿ ನಿಂತಾವಂತ ಬರದಾರ್ರಿ. ಬಿಸಲಾಗ ಅವು ಒಂದರ ಹೊಟ್ಟಿ ಕೆಳಗ ಒಂದು ತಲಿ ಇಡತಾವ. ಬರದವರು ಕುರಿ ನೋಡಿಲ್ರಿ.”

ಹುಡುಗರೆಲ್ಲ ಮಾಸ್ತರರ ಮುಖ ನೋಡಿದರು. ಕಾರ್ಡು ಹೋಯಿತು ಅಂದುಕೊಂಡೆ.

“ನೋಡೀನ್ರಿ, ಬಸ್ಸಿನ ಕಿಟಕ್ಯಾಗಿಂದ,” ಎಂದರು ಮಾಸ್ತರರು. ಪದ್ಯ ಅವರದೇ. ಆಮೇಲೆ ನನ್ನ ಅರ್ಜಿ ಎಳೆದುಕೊಂಡು ಸಹಿ ಹಾಕಿದರು.

ಕವಿ ಯಾರೆಂದು ಮೊದಲೇ ಗೊತ್ತಿದ್ದಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ, ಆದರೆ ಸಹಿ ಆದ ಮೇಲೆ.